ಬೆಟ್ಟದ ಹಾದಿಯಲ್ಲಿ ದೇವರನ್ನು ಕಂಡ ಯುವಕ: ಸಂತ ಪಿಯೆರ್ ಜೋರ್ಜೊ ಫ್ರಸ್ಸಾತಿ

ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಒಳ್ಳೆಯ ಅಂಕ ಬಂದ ಮನೆಯಲ್ಲಿ ಸಿಹಿ ಹಂಚುತ್ತಾರೆ. ಫೇಲಾದ ಮಗುವಿನ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಭಾನುವಾರ ಇಗರ್ಜಿಯಲ್ಲಿ ಯಾರಾದರೂ ಕೇಳಿದರೆ ಏನು ಹೇಳುವುದು ಎಂಬ ಚಿಂತೆ ತಂದೆತಾಯಿಗೆ. ತಾನು ಯಾವುದಕ್ಕೂ ಪ್ರಯೋಜನವಿಲ್ಲದವನು ಎಂಬ ಕೊರಗು ಮಗುವಿಗೆ.

ಹೀಗೆ ಫೇಲಾದ ಹುಡುಗನೊಬ್ಬ ಇಂದು ಸಂತರ ಸಾಲಿನಲ್ಲಿದ್ದಾರೆ. 2025ರ ಸೆಪ್ಟೆಂಬರ್ 7ರಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಅವರು ಇಬ್ಬರು ಯುವಕರಿಗೆ ಸಂತ ಪದವಿ ನೀಡಿದರು. ಒಬ್ಬರು ನಮ್ಮ ಮಕ್ಕಳಿಗೆಲ್ಲ ಪರಿಚಿತರಾಗಿರುವ ಕಾರ್ಲೊ ಅಕ್ಯುಟಿಸ್. ಇನ್ನೊಬ್ಬರು ಪಿಯೆರ್ ಜೋರ್ಜೊ ಫ್ರಸ್ಸಾತಿ. ಕಾರ್ಲೊ ಅವರ ಬಗ್ಗೆ ನಾವು ಬಹಳಷ್ಟು ಕೇಳಿದ್ದೇವೆ. ಫ್ರಸ್ಸಾತಿ ಅವರ ಬಗ್ಗೆ ಅಷ್ಟಾಗಿ ಕೇಳಿಲ್ಲ. ಓದಿನಲ್ಲಿ ಹಿಂದೆ ಬಿದ್ದವರು, ಮನೆಯಲ್ಲಿ ಅರ್ಥವಾಗದವರು, ಬಯಸಿದ್ದನ್ನು ಪಡೆಯದವರು, ಆದರೂ ಬೆಟ್ಟ ಹತ್ತುತ್ತಲೇ ಇದ್ದವರು ಅವರು. ಅವರ 24 ವರ್ಷಗಳ ಪುಟ್ಟ ಬದುಕನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ದೊಡ್ಡ ಮನೆಯ ಹಿಂದುಳಿದ ಹುಡುಗ

ಪಿಯೆರ್ ಜೋರ್ಜೊ ಜನಿಸಿದ್ದು ಇಟಲಿಯ ಟುರಿನ್ ನಗರದಲ್ಲಿ, 1901ರ ಎಪ್ರಿಲ್ 6ರಂದು. ಅಂದು ಪವಿತ್ರ ಶನಿವಾರ. ತಂದೆ ಅಲ್ಫ್ರೇದೊ ಫ್ರಸ್ಸಾತಿ ಅವರು ಲಾ ಸ್ಟಾಂಪ ಎಂಬ ಪ್ರಸಿದ್ಧ ದಿನಪತ್ರಿಕೆಯ ಒಡೆಯರು ಹಾಗೂ ಸಂಪಾದಕರು. 1913ರಲ್ಲಿ ಸೆನೆಟ್ ಸದಸ್ಯರಾದರು, ಮುಂದೆ ಜರ್ಮನಿಯಲ್ಲಿ ಇಟಲಿಯ ರಾಯಭಾರಿಯೂ ಆದರು. ತಾಯಿ ಅದೆಲೈದೆ ಚಿತ್ರ ಕಲಾವಿದೆ. ತಂಗಿ ಲುಚ್ಚಾನ ಒಂದು ವರ್ಷಕ್ಕೆ ಕಿರಿಯಳು.

ಹೊರಗಿನಿಂದ ನೋಡಿದರೆ ಈ ಮನೆಗೆ ಯಾವ ಕೊರತೆಯೂ ಇರಲಿಲ್ಲ. ಒಳಗೆ ಮಾತ್ರ ಶಾಂತಿ ಇರಲಿಲ್ಲ. ತಂದೆಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ತಾಯಿಯ ಭಕ್ತಿಯೂ ಹೆಚ್ಚಿನದಾಗಿರಲಿಲ್ಲ. ಗಂಡ ಹೆಂಡತಿ ನಡುವೆ ಮನಸ್ತಾಪ ಬೆಳೆಯುತ್ತಾ ಹೋಗಿ ಒಂದು ಹಂತದಲ್ಲಿ ಬೇರೆಯಾಗುವ ಮಾತೂ ಬಂದಿತ್ತು. ಊಟದ ಮೇಜಿನ ಸುತ್ತಲಿನ ಮೌನವನ್ನು ಸಹಿಸಿಕೊಂಡೇ ಮಕ್ಕಳು ಬೆಳೆದರು.

ತಂದೆ ಮಗನಿಂದ ಬಹಳಷ್ಟು ನಿರೀಕ್ಷಿಸಿದ್ದರು. ಪತ್ರಿಕೆಯ ಆಡಳಿತ ವಹಿಸಿಕೊಳ್ಳಬೇಕು, ಹೆಸರನ್ನು ಮುಂದುವರಿಸಬೇಕು ಎಂಬುದು ಅವರ ಆಸೆ. ಆದರೆ ಮಗನಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಮುಖ್ಯವಾಗಿ ಲ್ಯಾಟಿನ್ ಭಾಷೆ ಅವರಿಗೆ ದೊಡ್ಡ ತಲೆನೋವಾಗಿತ್ತು. ಆ ವಿಷಯದಲ್ಲಿ ಅವರು ಒಮ್ಮೆಯಲ್ಲ, ಎರಡು ಬಾರಿ ಅನುತ್ತೀರ್ಣರಾದರು. ತಂಗಿ ಓದಿನಲ್ಲಿ ಮುಂದೆ ಸಾಗಿದಳು, ಅಣ್ಣ ಹಿಂದೆ ಉಳಿದರು. ಇಂತಹ ಮನೆಯಲ್ಲಿ ಇದು ಎಷ್ಟು ದೊಡ್ಡ ಅವಮಾನ ಎಂದು ನಾವು ಊಹಿಸಬಹುದು. ಗುರಿಯಿಲ್ಲದ ಸಾಧಾರಣ ಹುಡುಗ ಎಂಬ ಅಭಿಪ್ರಾಯವೇ ಮನೆಯವರಲ್ಲಿ ಬೇರೂರಿತು. ಅದು ಅವರ ಕೊನೆಯ ದಿನದವರೆಗೂ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು.

ಪಿಯೆರ್ ಜೋರ್ಜೊ ಅವರಿಗೂ ತಮ್ಮ ಮೇಲೆ ಸಂಶಯವಿತ್ತು. ಮುಂದೆ ಗೆಳೆಯರಿಗೆ ಬರೆದ ಪತ್ರಗಳಲ್ಲಿ ತಮ್ಮ ಮನೋಬಲ ಕಡಿಮೆ ಎಂಬುದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾರೆ, ತಮಗಾಗಿ ಪ್ರಾರ್ಥಿಸುವಂತೆ ಬೇಡಿಕೊಂಡಿದ್ದಾರೆ. ಸದಾ ನಗುವ, ತಮಾಷೆ ಮಾಡುವ, ಗಟ್ಟಿ ದನಿಯಲ್ಲಿ ಹಾಡುವ ಯುವಕನ ಒಳಗೆ ಇಂತಹ ಹೋರಾಟವೂ ಇತ್ತು ಎಂಬುದನ್ನು ನಾವು ಮರೆಯಬಾರದು.

ಸೋಲು ತೆರೆದ ಬಾಗಿಲು

ಲ್ಯಾಟಿನ್ ಪರೀಕ್ಷೆಯ ಸೋಲಿನಿಂದಾಗಿ ಅವರು ಸರಕಾರಿ ಶಾಲೆಯನ್ನು ಬಿಟ್ಟು ಯೇಸುಸಭೆಯ ಧರ್ಮಗುರುಗಳು ನಡೆಸುತ್ತಿದ್ದ ಶಾಲೆಗೆ ಸೇರಬೇಕಾಯಿತು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದೂ ಇದೇ ಯೇಸುಸಭೆ. ಆದುದರಿಂದ ಆ ವಾತಾವರಣ ಹೇಗಿತ್ತೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಅಲ್ಲಿ ಅವರಿಗೆ ಸಿಕ್ಕಿದ್ದು ಬರೇ ಲ್ಯಾಟಿನ್ ಪಾಠವಲ್ಲ. ಪೋಪ್ ಹತ್ತನೇ ಪಿಯುಸ್ ಅವರು 1905ರಲ್ಲಿ ಭಕ್ತರು ಪರಮಪ್ರಸಾದವನ್ನು ಆಗಾಗ್ಗೆ, ಸಾಧ್ಯವಾದರೆ ಪ್ರತಿದಿನ ಸ್ವೀಕರಿಸುವಂತೆ ಪ್ರೋತ್ಸಾಹಿಸಿದ್ದರು. ಅದಕ್ಕೆ ಮೊದಲು ಅದು ಅಪರೂಪದ ಸಂಗತಿ. ಆ ಶಾಲೆಯ ಧರ್ಮಗುರುಗಳ ಮಾರ್ಗದರ್ಶನದಲ್ಲಿ ಪಿಯೆರ್ ಜೋರ್ಜೊ ದಿನಾಲೂ ಪರಮಪ್ರಸಾದ ಸ್ವೀಕರಿಸಲು ಬಯಸಿದರು. ತಾಯಿ ಮೊದಮೊದಲು ಒಪ್ಪಲಿಲ್ಲ. ದಿನಾಲೂ ಮಾಡಿದರೆ ಅದು ಬರೀ ಅಭ್ಯಾಸವಾಗಿ ಬಿಡಬಹುದು ಎಂಬುದು ಅವರ ಹೆದರಿಕೆ. ಮಗ ಬೇಡಿಕೊಂಡದ್ದರಿಂದ ಕೊನೆಗೆ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಸಾಯುವವರೆಗೆ ಅವರ ದಿನದ ಆರಂಭ ಬಲಿಪೂಜೆಯಿಂದಲೇ. ಜಪಸರವೂ ಅವರ ಕೈಯಿಂದ ದೂರವಾಗಲಿಲ್ಲ.

ಪರೀಕ್ಷೆಯಲ್ಲಿ ಪಾಸಾಗಿದ್ದರೆ ಅವರು ಆ ಶಾಲೆಗೆ ಹೋಗುತ್ತಿರಲಿಲ್ಲ. ಸೋಲನ್ನು ನಾವು ಮುಚ್ಚಿದ ಬಾಗಿಲೆಂದು ತಿಳಿಯುತ್ತೇವೆ. ಇವರ ಬದುಕಿನಲ್ಲಿ ದೇವರು ಒಳಗೆ ಬಂದದ್ದು ಅದೇ ಬಾಗಿಲಿನಿಂದ.

ಬೆಟ್ಟ ಕಲಿಸಿದ್ದು

ಓದಿನ ಕೋಣೆಯಲ್ಲಿ ಹಿಂದೆ ಬಿದ್ದ ಈ ಯುವಕ ಬಯಲಿಗೆ ಬಂದರೆ ಬೇರೆಯೇ ಆಗುತ್ತಿದ್ದರು. ಈಜು, ಸೈಕಲ್ ಸವಾರಿ, ಕುದುರೆ ಸವಾರಿ, ಹಿಮದ ಮೇಲೆ ಜಾರುವ ಸ್ಕೀಯಿಂಗ್ ಎಲ್ಲವೂ ಅವರಿಗೆ ಪ್ರಿಯ. ಎಲ್ಲಕ್ಕಿಂತ ಹೆಚ್ಚು ಪ್ರಿಯವಾದುದು ಪರ್ವತಾರೋಹಣ. ಟುರಿನ್ ನಗರ ಆಲ್ಪ್ಸ್ ಪರ್ವತಗಳ ಬುಡದಲ್ಲೇ ಇದೆ. ಅವರ ಕುಟುಂಬದ ಬೇಸಿಗೆ ಮನೆ ಇದ್ದ ಪೊಲ್ಲೋನೆ ಎಂಬ ಹಳ್ಳಿಯೂ ಬೆಟ್ಟಗಳ ಮಡಿಲಲ್ಲಿತ್ತು. ಅಲ್ಲಿರುವಾಗ ಬೆಳಗ್ಗೆ ಬೇಗ ಎದ್ದು, ಮೇಲಿನ ಓರೋಪ ಎಂಬಲ್ಲಿರುವ ದೇವಮಾತೆಯ ಪುಣ್ಯಕ್ಷೇತ್ರಕ್ಕೆ ನಡೆದುಕೊಂಡು ಹೋಗಿ ಬರುವುದು ಅವರ ರೂಢಿಯಾಗಿತ್ತು.

ಅವರು ಇಟಲಿಯ ಆಲ್ಪೈನ್ ಕ್ಲಬ್‌ನ ಸದಸ್ಯರಾದರು. ಹತ್ತಿದ ಶಿಖರಗಳಲ್ಲಿ 3,841 ಮೀಟರ್ ಎತ್ತರದ ಮೊನ್‌ವೀಸೊ ಮತ್ತು 3,969 ಮೀಟರ್ ಎತ್ತರದ ಗ್ರೀವೊಲ ಸೇರಿವೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ಗ್ರೀವೊಲ ಎತ್ತರವಾಗಿದೆ ಎಂದರೆ ಕಲ್ಪನೆ ಬರಬಹುದು.

ಇಂತಹ ಬೆಟ್ಟ ಹತ್ತುವುದು ಮೋಜಿನ ಪಿಕ್‌ನಿಕ್ ಅಲ್ಲ. ಬಿಸಿಲು ಏರಿದರೆ ಹಿಮ ಮೆತ್ತಗಾಗುತ್ತದೆ, ಮೇಲಿಂದ ಕಲ್ಲು ಉರುಳುತ್ತದೆ. ಅದಕ್ಕಾಗಿ ಕತ್ತಲಿರುವಾಗಲೇ ಹೊರಡಬೇಕು. ಹಲವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಾಗಬೇಕು. ಒಬ್ಬ ಜಾರಿದರೆ ಉಳಿದವರು ಹಿಡಿದು ನಿಲ್ಲಿಸುತ್ತಾರೆ. ಹಗ್ಗದಲ್ಲಿರುವವರಲ್ಲಿ ಅತ್ಯಂತ ನಿಧಾನದವನ ನಡಿಗೆಯೇ ಎಲ್ಲರ ನಡಿಗೆ. ಇದೇ ಶಿಖರ ಎಂದುಕೊಂಡು ಏರಿದರೆ ಅದರ ಹಿಂದೆ ಇನ್ನೊಂದು ಏರು ಕಾಣಿಸುತ್ತದೆ. ಹವೆ ಕೆಟ್ಟರೆ ಶಿಖರ ಕಣ್ಣಮುಂದೆ ಇದ್ದರೂ ಹಿಂದಿರುಗಬೇಕು. ಹಿಂದಿರುಗಿದವನನ್ನು ಅಲ್ಲಿ ಯಾರೂ ಹೇಡಿ ಎನ್ನುವುದಿಲ್ಲ, ಮತ್ತೊಂದು ದಿನ ಪುನಃ ಬರುತ್ತಾನೆ.

ತನ್ನ ಮೇಲೆ ಸಂಶಯವಿರುವ ಯುವಕನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಯಾವುದಿದೆ? ಬೆಟ್ಟ ಅಂಕ ಕೊಡುವುದಿಲ್ಲ. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ, ಅಷ್ಟನ್ನು ಮಾತ್ರ ಕೇಳುತ್ತದೆ. ಈ ಪಾಠವನ್ನು ಪಿಯೆರ್ ಜೋರ್ಜೊ ಬೆಟ್ಟದಲ್ಲೇ ಬಿಟ್ಟು ಬರಲಿಲ್ಲ. 1918ರಲ್ಲಿ ಟುರಿನ್‌ನ ಪಾಲಿಟೆಕ್ನಿಕ್ ಸೇರಿ ಗಣಿ ಎಂಜಿನಿಯರಿಂಗ್ ಕಲಿಯಲು ಆರಂಭಿಸಿದರು. ಅಂದು ಗಣಿ ಕಾರ್ಮಿಕರ ಬದುಕು ಬಹಳ ಕಷ್ಟದ್ದಾಗಿತ್ತು. ಅವರ ನಡುವೆ ಇದ್ದು ಕ್ರಿಸ್ತರ ಸೇವೆ ಮಾಡಬೇಕೆಂಬುದು ಅವರ ಉದ್ದೇಶ. ಓದು ಸುಲಭವಾಗಿರಲಿಲ್ಲ. ವರ್ಷಗಳು ಉರುಳಿದರೂ ಪರೀಕ್ಷೆಗಳು ಮುಗಿಯಲಿಲ್ಲ. ಪ್ರೀತಿಯ ಬೆಟ್ಟದ ಪ್ರವಾಸಗಳನ್ನು ಎಷ್ಟೋ ಬಾರಿ ಬಿಟ್ಟು ಪುಸ್ತಕದ ಮುಂದೆ ಕುಳಿತರು. ಆದರೆ ಓದನ್ನು ಕೈಬಿಡಲಿಲ್ಲ.

ಪ್ರವಾಸದಲ್ಲೂ ದೇವರಿಗೆ ಮೊದಲ ಸ್ಥಾನ. ಭಾನುವಾರದ ಬಲಿಪೂಜೆ ತಪ್ಪದಂತೆ ಪ್ರವಾಸವನ್ನು ಯೋಜಿಸುತ್ತಿದ್ದರು. ನಡೆಯುತ್ತಾ ಗೆಳೆಯರೊಂದಿಗೆ ಜಪಸರ ಹೇಳುತ್ತಿದ್ದರು. ಸುಸ್ತಾಗಿ ಹಿಂದೆ ಬಿದ್ದವರ ಜೊತೆ ನಿಂತು ಅವರ ಚೀಲವನ್ನೂ ಹೊರುತ್ತಿದ್ದರು. 1924ರಲ್ಲಿ ಆಪ್ತ ಗೆಳೆಯ ಗೆಳತಿಯರನ್ನು ಸೇರಿಸಿ ಒಂದು ಕೂಟ ಕಟ್ಟಿದರು. ಪೋಲಿಗಳ ಕೂಟ ಎಂಬರ್ಥ ಬರುವ ತಮಾಷೆಯ ಹೆಸರು ಅದಕ್ಕೆ. ನಗು, ಕೀಟಲೆ, ಬೆಟ್ಟ ಹತ್ತುವುದು ಎಲ್ಲವೂ ಅಲ್ಲಿತ್ತು. ಆದರೆ ಅವರನ್ನು ಒಂದಾಗಿ ಕಟ್ಟಿದ್ದು ಒಬ್ಬರಿಗಾಗಿ ಒಬ್ಬರು ಮಾಡುವ ಪ್ರಾರ್ಥನೆ. ಬೆಟ್ಟದಲ್ಲಿ ಹಗ್ಗ ಮಾಡುವ ಕೆಲಸವನ್ನು ಊರಲ್ಲಿ ಪ್ರಾರ್ಥನೆ ಮಾಡುತ್ತಿತ್ತು.

ಬಡವರ ಮನೆಯ ಮೆಟ್ಟಿಲುಗಳು

ಶಿಖರಗಳನ್ನು ಹತ್ತಿದ ಅದೇ ಕಾಲುಗಳು ಟುರಿನ್‌ನ ಬಡವರ ಮನೆಗಳ ಕತ್ತಲೆಯ ಮೆಟ್ಟಿಲುಗಳನ್ನೂ ಹತ್ತಿದವು. 1918ರಲ್ಲಿ ಅವರು ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಸೇರಿದರು. ಫ್ರೆಡ್ರಿಕ್ ಓಝಾನಾಮ್ ಅವರು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದ, ನಮ್ಮ ಧರ್ಮಕೇಂದ್ರಗಳಲ್ಲಿಯೂ ಸೇವೆ ಮಾಡುತ್ತಿರುವ ಸಭೆಯೇ ಅದು. ಔಷಧಿ, ಬಟ್ಟೆ, ಆಹಾರ ಹೊತ್ತು ರೋಗಿಗಳ ಮನೆಗೆ ಹೋಗುವುದು ಅವರ ವಾರದ ಕೆಲಸವಾಯಿತು. ಟ್ರಾಮಿನ ಹಣವನ್ನು ಯಾರಿಗೋ ಕೊಟ್ಟು ಮನೆಗೆ ಓಡಿಕೊಂಡು ಬರುತ್ತಿದ್ದರು. ರೈಲಿನಲ್ಲಿ ಮೂರನೇ ದರ್ಜೆಯಲ್ಲಿ ಪ್ರಯಾಣಿಸಿ ಉಳಿದ ಹಣವನ್ನು ಬಡವರಿಗೆ ಕೊಡುತ್ತಿದ್ದರು. ಊಟಕ್ಕೆ ತಡವಾಗಿ ಬಂದ ಮಗನನ್ನು ಮನೆಯಲ್ಲಿ ಗದರಿಸುತ್ತಿದ್ದರು. ತಡವಾದದ್ದು ಯಾಕೆಂದು ಅವರು ಹೇಳಿಕೊಳ್ಳುತ್ತಿರಲಿಲ್ಲ.

1922ರ ಮೇ 28ರಂದು ಡೊಮಿನಿಕನ್ ಮೂರನೇ ಸಭೆಗೆ ಸೇರಿದರು. ಯಾಜಕರಾಗುವ ಯೋಚನೆಯೂ ಒಂದು ಕಾಲದಲ್ಲಿ ಅವರಿಗಿತ್ತು. ಕೊನೆಗೆ ಶ್ರೀಸಾಮಾನ್ಯ ಕ್ರೈಸ್ತನಾಗಿಯೇ ಜನರ ನಡುವೆ ಇರಲು ನಿರ್ಧರಿಸಿದರು. ಫ್ಯಾಸಿಸ್ಟರ ಕಾಲದಲ್ಲಿ ಹೆದರದೆ ಅವರನ್ನು ವಿರೋಧಿಸಿದರು. 1921ರಲ್ಲಿ ರೋಮಿನಲ್ಲಿ ಕಥೋಲಿಕ ಯುವಕರ ಮೆರವಣಿಗೆಯ ಮೇಲೆ ರಕ್ಷಣಾ ದಳದವರು ಎರಗಿದಾಗ ತಮ್ಮ ಸಂಘದ ಧ್ವಜವನ್ನು ಬಿಟ್ಟುಕೊಡದೆ ಬಂಧನಕ್ಕೊಳಗಾದರು. ರಾಯಭಾರಿಯ ಮಗನೆಂದು ತಿಳಿದು ಅವರನ್ನು ಮಾತ್ರ ಬಿಡಲು ಮುಂದಾದಾಗ, ಗೆಳೆಯರನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಹಗ್ಗಕ್ಕೆ ಕಟ್ಟಿಕೊಂಡವನು ತಾನೊಬ್ಬನೇ ಬಿಚ್ಚಿಕೊಂಡು ಹೋಗುವುದಿಲ್ಲವಷ್ಟೆ.

ಬಿಟ್ಟುಕೊಟ್ಟ ಎರಡು ಆಸೆಗಳು

ಇಲ್ಲಿಯವರೆಗೆ ಓದಿದವರಿಗೆ ಒಂದು ಮಾತು ಹೇಳಬೇಕು. ಕ್ರೀಡೆ ಮತ್ತು ವಿಶ್ವಾಸದಿಂದ ಫ್ರಸ್ಸಾತಿ ಅವರ ಕಷ್ಟಗಳೆಲ್ಲ ಪರಿಹಾರವಾದವು, ಕೊನೆಗೆ ಗೆಲುವು ಸಿಕ್ಕಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವರ ಮನಸ್ಸಿನ ಎರಡು ದೊಡ್ಡ ಆಸೆಗಳು ಕೈಗೂಡಲೇ ಇಲ್ಲ.

ಹಿಮದ ಪ್ರವಾಸವೊಂದರಲ್ಲಿ ಪರಿಚಯವಾದ, ತಂದೆತಾಯಿ ಇಲ್ಲದ, ವಿಶ್ವಾಸವಂತ ಯುವತಿಯೊಬ್ಬರನ್ನು ಅವರು ಮನಸಾರೆ ಪ್ರೀತಿಸಿದರು. ಆದರೆ ಮನೆಯವರು ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹಟ ಹಿಡಿದರೆ ಮೊದಲೇ ಬಿರುಕು ಬಿಟ್ಟಿದ್ದ ತಂದೆತಾಯಿಯ ದಾಂಪತ್ಯ ಮುರಿದೇ ಹೋಗಬಹುದು. ಒಂದು ಕುಟುಂಬವನ್ನು ಕಟ್ಟಲು ಇನ್ನೊಂದನ್ನು ಒಡೆಯಬಾರದೆಂದು ತೀರ್ಮಾನಿಸಿದರು. ಆ ಯುವತಿಗೆ ತಮ್ಮ ಮನಸ್ಸನ್ನು ತಿಳಿಸದೆಯೇ ಪ್ರೀತಿಯನ್ನು ಬಿಟ್ಟುಕೊಟ್ಟರು. ಗೆಳೆಯರಿಗೆ ಬರೆದ ಪತ್ರಗಳಲ್ಲಿ ಆ ನೋವು ಕಾಣುತ್ತದೆ. 1925ರ ಜನವರಿಯಲ್ಲಿ ತಂಗಿ ಮದುವೆಯಾಗಿ ಹೊರಟಾಗ ರೈಲು ನಿಲ್ದಾಣದಲ್ಲಿ ಅವರು ಬಿಕ್ಕಿ ಬಿಕ್ಕಿ ಅತ್ತರು. ಮನೆಯಲ್ಲಿ ಅವರಿಗಿದ್ದ ಏಕೈಕ ಆಸರೆಯೂ ದೂರವಾಗಿತ್ತು.

ಪದವಿಗೆ ಕೆಲವೇ ಪರೀಕ್ಷೆಗಳು ಬಾಕಿ ಇರುವಾಗ ಇನ್ನೊಂದು ಪೆಟ್ಟು ಬಿತ್ತು. ಮಗ ಗಣಿಯ ಕೆಲಸ ಬಿಟ್ಟು ಪತ್ರಿಕೆಯ ಆಡಳಿತಕ್ಕೆ ಬರಬೇಕೆಂದು ತಂದೆ ಬಯಸಿದರು. ಅದನ್ನು ನೇರವಾಗಿ ಹೇಳದೆ ಪತ್ರಿಕೆಯ ಒಬ್ಬ ಸಿಬ್ಬಂದಿಯ ಮೂಲಕ ತಿಳಿಸಿದರು. ಇದರಿಂದ ತಂದೆಗೆ ಸಂತೋಷವಾಗುವುದಾದರೆ ಆಗಲಿ ಎಂದು ಪಿಯೆರ್ ಜೋರ್ಜೊ ಒಪ್ಪಿಕೊಂಡರು. ಏಳು ವರ್ಷ ಕಷ್ಟಪಟ್ಟು ಕಲಿತದ್ದು ಯಾವುದಕ್ಕಾಗಿಯೋ ಅದನ್ನೇ ಬಿಟ್ಟರು.

ಇದು ಸೋಲೇ? ಲೋಕದ ಲೆಕ್ಕದಲ್ಲಿ ಹೌದು. ಆದರೆ ಹವೆ ಕೆಟ್ಟಾಗ ಜೊತೆಗಾರರ ಜೀವ ಉಳಿಸಲು ಶಿಖರವನ್ನು ಬಿಟ್ಟು ಇಳಿಯುವವನು ಸೋತವನಲ್ಲ. ಏರುವುದಕ್ಕಿಂತ ಇಳಿಯುವುದಕ್ಕೇ ಕೆಲವೊಮ್ಮೆ ಹೆಚ್ಚು ಬಲ ಬೇಕು. ಮನೋಬಲ ಕಡಿಮೆ ಎಂದು ಕೊರಗುತ್ತಿದ್ದ ಯುವಕನಿಗೆ ಆ ಬಲ ಬಂದಿತ್ತು.

1925ರ ಜೂನ್ 7ರಂದು ಅವರು ಕೊನೆಯ ಬಾರಿ ಬೆಟ್ಟ ಹತ್ತಿದರು. ಬಂಡೆಯನ್ನು ಹಿಡಿದು ಮೇಲಕ್ಕೆ ನೋಡುತ್ತಿರುವ ಅಂದಿನ ಒಂದು ಭಾವಚಿತ್ರದ ಮೇಲೆ, ಎತ್ತರದ ಕಡೆಗೆ ಎಂಬರ್ಥದ ಎರಡು ಪದಗಳನ್ನು ತಮ್ಮ ಕೈಯಾರೆ ಬರೆದರು. ಇಂದು ಲೋಕದಾದ್ಯಂತ ಕಥೋಲಿಕ ಯುವಕರು ಆ ಎರಡು ಪದಗಳನ್ನು ತಮ್ಮ ಗುರಿಯಾಗಿಸಿಕೊಂಡಿದ್ದಾರೆ.

ಕೊನೆಯ ಶುಕ್ರವಾರ

ಆ ತಿಂಗಳ ಕೊನೆಗೆ ಅವರಿಗೆ ತಲೆನೋವು, ಸುಸ್ತು ಆರಂಭವಾಯಿತು. ಅದೇ ಸಮಯದಲ್ಲಿ ಮನೆಯಲ್ಲಿ ಅಜ್ಜಿ ಮರಣಶಯ್ಯೆಯಲ್ಲಿದ್ದರು. ಎಲ್ಲರ ಗಮನ ಅತ್ತ. ಗಟ್ಟಿಮುಟ್ಟಾದ ಯುವಕನಿಗೆ ಏನಾಗುತ್ತದೆ ಎಂದು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಅವರೂ ದೂರಲಿಲ್ಲ. ಜುಲೈ 1ರಂದು ಅಜ್ಜಿ ತೀರಿಕೊಂಡರು. ಮೊಮ್ಮಗನಿಗೆ ತಗಲಿದ್ದು ಪೋಲಿಯೋ ಎಂದು ವೈದ್ಯರು ಕಂಡುಹಿಡಿಯುವಾಗ ಬಹಳ ತಡವಾಗಿತ್ತು. ಬಡವರ ಮನೆಗಳಲ್ಲಿ ರೋಗಿಗಳ ಸೇವೆ ಮಾಡುವಾಗಲೇ ಈ ರೋಗ ಅಂಟಿರಬೇಕೆಂದು ನಂಬಲಾಗಿದೆ. ಆಲ್ಪ್ಸ್ ಹತ್ತಿದ ಕಾಲುಗಳು ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಂಡವು.

ಜುಲೈ 3 ಶುಕ್ರವಾರ. ಅದು ಅವರು ಬಡವರನ್ನು ಭೇಟಿಯಾಗುವ ದಿನ. ಮಲಗಿದಲ್ಲಿಂದಲೇ ತಂಗಿಯನ್ನು ಕರೆದು ಅಂಗಿಯ ಜೇಬಿನಲ್ಲಿದ್ದ ಔಷಧಿಯನ್ನು ತರಲು ಹೇಳಿದರು. ಅದು ಅವರಿಗಲ್ಲ, ಒಬ್ಬ ಬಡ ರೋಗಿಗೆ ತಲುಪಬೇಕಾಗಿದ್ದ ಔಷಧಿ. ಲಕ್ವ ಹೊಡೆದ ಕೈಯಿಂದ, ಓದಲು ಕಷ್ಟವಾಗುವ ಅಕ್ಷರಗಳಲ್ಲಿ ಗೆಳೆಯನಿಗೆ ಒಂದು ಚೀಟಿ ಬರೆದು ಅದನ್ನು ತಲುಪಿಸಲು ಕೇಳಿಕೊಂಡರು. ಮರುದಿನ, 1925ರ ಜುಲೈ 4ರ ಸಂಜೆ, ಕೊನೆಯುಸಿರೆಳೆದರು.

ಶವಯಾತ್ರೆಗೆ ಗಣ್ಯರು ಬರುವರೆಂದು ಮನೆಯವರು ತಿಳಿದಿದ್ದರು. ಗಣ್ಯರು ಬಂದರು. ಆದರೆ ಬೀದಿ ತುಂಬಿದ್ದು ಬಡವರಿಂದ. ಅವರಲ್ಲಿ ಅನೇಕರಿಗೆ ತಮ್ಮಲ್ಲಿಗೆ ಬರುತ್ತಿದ್ದ ಯುವಕ ಇಷ್ಟು ದೊಡ್ಡ ಮನೆಯವನೆಂದು ಗೊತ್ತಿರಲಿಲ್ಲ. ಮನೆಯವರಿಗೆ ತಮ್ಮ ಮಗ ಇಷ್ಟು ಜನರಿಗೆ ಆಸರೆಯಾಗಿದ್ದನೆಂದು ಗೊತ್ತಿರಲಿಲ್ಲ. ಪ್ರಯೋಜನವಿಲ್ಲದವನೆಂದು ತಿಳಿದಿದ್ದ ಮಗನ ಪರಿಚಯ ತಂದೆಗೆ ಆದದ್ದು ಅಂದು. ದೇವರನ್ನು ನಂಬದ ಆ ತಂದೆ ಕಾಲಕ್ರಮೇಣ ವಿಶ್ವಾಸಕ್ಕೆ ಮರಳಿದರು. ಗಂಡ ಹೆಂಡತಿ ಬೇರೆಯಾಗಲಿಲ್ಲ.

ಮರಣದ ನಂತರವೂ ಹಿನ್ನಡೆ

ಅವರ ಸಂತ ಪದವಿಯ ಪ್ರಕ್ರಿಯೆ 1932ರಲ್ಲಿ ಟುರಿನ್‌ನಲ್ಲಿ ಆರಂಭವಾಯಿತು. ಆದರೆ 1941ರಲ್ಲಿ ನಿಂತುಹೋಯಿತು. ಯುವಕ ಯುವತಿಯರು ಒಟ್ಟಾಗಿ ಬೆಟ್ಟಕ್ಕೆ ಹೋಗುತ್ತಿದ್ದ ಬಗ್ಗೆ ಹಬ್ಬಿದ ಗಾಳಿಮಾತುಗಳೇ ಅದಕ್ಕೆ ಕಾರಣ. ಯಾವ ಆಟ ಅವರನ್ನು ದೇವರ ಹತ್ತಿರಕ್ಕೆ ಒಯ್ದಿತೋ ಅದನ್ನೇ ಅವರ ವಿರುದ್ಧ ಎತ್ತಿಕಟ್ಟಲಾಯಿತು. ತಂಗಿ ಲುಚ್ಚಾನ ಸುಮ್ಮನಿರಲಿಲ್ಲ. ಸಾಕ್ಷ್ಯಗಳನ್ನು, ಪತ್ರಗಳನ್ನು ಒಟ್ಟುಗೂಡಿಸಿ, ಪುಸ್ತಕಗಳನ್ನು ಬರೆದು, ಸತ್ಯವನ್ನು ಹೊರತಂದರು. 1978ರಲ್ಲಿ ಪ್ರಕ್ರಿಯೆ ಪುನಃ ಆರಂಭವಾಯಿತು. ಸ್ವತಃ ಬೆಟ್ಟ ಹತ್ತುತ್ತಿದ್ದ, ಸ್ಕೀಯಿಂಗ್ ಮಾಡುತ್ತಿದ್ದ ಪೋಪ್ ಎರಡನೇ ಜಾನ್ ಪೌಲ್ ಅವರು 1990ರ ಮೇ 20ರಂದು ಅವರನ್ನು ಧನ್ಯರೆಂದು ಘೋಷಿಸಿದರು, ಅಷ್ಟಭಾಗ್ಯಗಳನ್ನು ಬಾಳಿ ತೋರಿಸಿದ ಯುವಕನೆಂದು ಕೊಂಡಾಡಿದರು.

ಸಂತ ಪದವಿಗೆ ಬೇಕಾದ ಅದ್ಭುತವೂ ಆಟದ ಅಂಗಣದಿಂದಲೇ ಬಂದಿತೆಂಬುದು ಗಮನಾರ್ಹ. 2017ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಮಹಾಧರ್ಮಪ್ರಾಂತ್ಯದ ಗುರುಮಠದ ವಿದ್ಯಾರ್ಥಿಯೊಬ್ಬರು ಬಾಸ್ಕೆಟ್‌ಬಾಲ್ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಫ್ರಸ್ಸಾತಿ ಅವರ ಮಧ್ಯಸ್ಥಿಕೆ ಬೇಡಿ ನವೇನ ಮಾಡಿದರು. ಶಸ್ತ್ರಚಿಕಿತ್ಸೆ ಇಲ್ಲದೆಯೇ ಗುಣವಾದರು. ವೈದ್ಯರ ಹಾಗೂ ದೈವಶಾಸ್ತ್ರಜ್ಞರ ಪರಿಶೀಲನೆಯ ನಂತರ 2024ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಇದನ್ನು ಅದ್ಭುತವೆಂದು ಅಂಗೀಕರಿಸಿದರು.

ನಮ್ಮ ಮನೆಗಳಿಗೆ ಒಂದು ಮಾತು

ನಮ್ಮಲ್ಲಿ ಮಗು ಹತ್ತನೇ ತರಗತಿಗೆ ಬಂತೆಂದರೆ ಮೊದಲು ನಿಲ್ಲುವುದು ಆಟ. ಆಮೇಲೆ ಧರ್ಮೋಪದೇಶದ ತರಗತಿ, ಯುವಜನರ ಸಂಘ, ವಾರದ ದಿನದ ಪೂಜೆ. ಎಲ್ಲವನ್ನೂ ನಿಲ್ಲಿಸಿ ಪುಸ್ತಕವೊಂದನ್ನೇ ಕೈಯಲ್ಲಿ ಹಿಡಿಸುತ್ತೇವೆ. ಆ ಪುಸ್ತಕ ಕೈಕೊಟ್ಟ ದಿನ ಮಗುವಿಗೆ ಹಿಡಿದುಕೊಳ್ಳಲು ಬೇರೇನೂ ಉಳಿದಿರುವುದಿಲ್ಲ. ಫ್ರಸ್ಸಾತಿ ಅವರ ಕೈಯಲ್ಲಿ ಎರಡು ಹಗ್ಗಗಳಿದ್ದವು, ಬೆಟ್ಟದ್ದು ಮತ್ತು ಬಲಿಪೀಠದ್ದು. ಪರೀಕ್ಷೆಯಲ್ಲಿ ಜಾರಿದಾಗ ಅವರು ಕೆಳಗೆ ಬೀಳದಂತೆ ಅವೇ ಹಿಡಿದವು.

ಅವರು ದುರ್ಬಲತೆಯಿಲ್ಲದ ಸಂತರಲ್ಲ. ದುರ್ಬಲತೆಯನ್ನು ಹೊತ್ತುಕೊಂಡೇ ಮೇಲಕ್ಕೆ ಹತ್ತಿದ ಸಂತರು. ದೇವರು ಅವರ ಲ್ಯಾಟಿನನ್ನು ಸರಿಪಡಿಸಲಿಲ್ಲ, ಕೇಳಿದ್ದೆಲ್ಲವನ್ನೂ ಕೊಡಲಿಲ್ಲ. ಮುಂದಿನ ಹೆಜ್ಜೆಗೆ ಬೇಕಾದ ಬಲವನ್ನು ಪ್ರತಿ ಬೆಳಗ್ಗೆ ಕೊಟ್ಟರು. ಅವರಿಗೆ ಅಷ್ಟೇ ಸಾಕಾಯಿತು.

ಜುಲೈ 4 ಅವರ ಸ್ಮರಣೆಯ ದಿನ. ಅಂದಿನ ಪೂಜೆಯಲ್ಲಿ ನಮ್ಮ ವಾಳೆಯಲ್ಲಿ ಓದಿನಲ್ಲಿ ಹಿಂದೆ ಬಿದ್ದ, ಕೆಲಸ ಸಿಗದ, ಮನೆಯಲ್ಲಿ ಮಾತು ಕೇಳಿಸಿಕೊಳ್ಳುವವರಿಲ್ಲದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೆನೆದು ಪ್ರಾರ್ಥಿಸೋಣ. ಪೂಜೆ ಮುಗಿದ ಮೇಲೆ ಅವರ ಬಳಿ ಹೋಗಿ ಮಾತನಾಡೋಣ, ಸಂಜೆ ಆಡಲು ಕರೆಯೋಣ. ಯಾರಿಗೆ ಗೊತ್ತು, ನಾವು ಮಂಕು ಎಂದುಕೊಂಡ ಆ ಮಗುವೇ ನಾಳೆ ನಮ್ಮೆಲ್ಲರ ಕೈ ಹಿಡಿದು ಮೇಲಕ್ಕೆ ಹತ್ತಿಸಬಹುದು.

ಸಂತ ಪಿಯೆರ್ ಜೋರ್ಜೊ ಫ್ರಸ್ಸಾತಿಯವರೇ, ನಮ್ಮ ಯುವಜನರಿಗಾಗಿ ಪ್ರಾರ್ಥಿಸಿರಿ.